ಬೀಗರಿಲ್ಲದ ದಾರಿಯ ವಿಮಾನ ನಿಲ್ದಾಣ

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಕಂಟ್ರೋಲರ್ ಆಗಿದ್ದ ಲಗಮಣ್ಣನಿಗೆ, ಊರಿಂದ ಊರಿಗೆ ಹೋಗುವ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ತೇರದಾಳದ ಬಸ್ಸು ತಪ್ಪಿದರೆ ಬನಹಟ್ಟಿಯಲ್ಲಿ ಯಾವುದು ಸಿಗುತ್ತದೆ, ಮುಧೋಳದಲ್ಲಿ ಇಳಿದು ಬೀಳಗಿಗೆ ಹೋಗುವವರು ಎಷ್ಟು ಹೊತ್ತು ಕಾಯಬೇಕು, ಜಮಖಂಡಿಯ ಗಾಡಿ ಯಾವ ವಾರ ತಡವಾಗುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಕಬ್ಬಿನ ಕಾಲದಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಟ್ರ್ಯಾಕ್ಟರುಗಳ ಸಾಲು ಎಲ್ಲಿಯವರೆಗೆ ನಿಂತಿದೆ ಎಂಬುದನ್ನು, ಬಂದ ಬಸ್ಸಿನ ಮೈಮೇಲಿನ ಧೂಳು ನೋಡಿಯೇ ಹೇಳುತ್ತಿದ್ದ ಎಂದು ಕೆಲವರು ಹೇಳುತ್ತಾರೆ. ಅಷ್ಟು ಖರೆ ಇರಲಿಕ್ಕಿಲ್ಲ. ಆದರೆ ಅವನ ಅಂದಾಜು ಹತ್ತು ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದನ್ನು ಕಂಡವರು ಸಿಗಲಿಲ್ಲ.

ಅವನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ೨೦೧೩ರ ಬೇಸಿಗೆ. ಮಗ ಧರ್ಮರಾಜ ಮುಧೋಳದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಆ ಬ್ಯಾಂಕಿನವರು ನಾಲ್ಕು ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಪ್ರವಾಸ ಹೋಗಿಬರಲು ಅನುಕೂಲ ಮಾಡಿಕೊಡುತ್ತಿದ್ದರು. ವಿಮಾನದಲ್ಲಿ ಹೋದರೂ ನಡೆಯುತ್ತಿತ್ತು. ಹೋಗದಿದ್ದರೆ ಆ ಸರದಿ ಹಾಗೆಯೇ ಕಳೆದುಹೋಗುತ್ತಿತ್ತು. ಮೊಮ್ಮಗಳು ಉಮಾಶ್ರೀ ಬೆಂಗಳೂರಿನ ಹತ್ತಿರದ ಒಂದು ಆಟದ ಪಾರ್ಕಿನ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದಳು. ಅದರಲ್ಲಿ ಜನ ನೀರಿನ ಕೊಳವೆಗಳಲ್ಲಿ ಜಾರುತ್ತಿದ್ದರು, ಇನ್ನು ಕೆಲವರು ದೊಡ್ಡ ಚಕ್ರಕ್ಕೆ ತಲೆಕೆಳಗಾಗಿ ಜೋತುಬಿದ್ದಿದ್ದರು. ತಲೆಕೆಳಗಾದವರೂ ನಗುತ್ತಿದ್ದರು. ಲಗಮಣ್ಣನಿಗೆ ಅದೊಂದು ತಿಳಿಯಲಿಲ್ಲ.

"ಯಪ್ಪಾ, ಟಿಕೆಟ್ ನಾ ತಗಿಸ್ತೇನಿ. ಯಾವ ಏರ್‌ಪೋರ್ಟಿನಿಂದ ಹೋದ್ರ ಸಲೀಸು ಅನ್ನೂದಷ್ಟ ನೀ ಹೇಳು," ಎಂದ ಧರ್ಮರಾಜ. "ಬೆಳಗಾವಿ ಐತಿ, ಹುಬ್ಬಳ್ಳಿ ಐತಿ, ಪುಣೆ ಐತಿ."

ಲಗಮಣ್ಣ ಎದೆ ಸೆಟೆಸಿದ. "ನಾಳಿ ಹೇಳ್ತೇನಿ. ಇಂಥಾದ್ದಕ್ಕ ಗಡಬಡ ಮಾಡಬಾರದು."

ಆಗ ಒಳಗಿನಿಂದ ಸತ್ಯವ್ವ ಹೊರಗೆ ಬಂದಳು. ಕೈಯೆಲ್ಲ ಹಿಟ್ಟಾಗಿತ್ತು. ಅವಳು ಹೊಸ್ತಿಲಲ್ಲಿ ನಿಂತು ಹೇಳಿದ ಮಾತಿನಿಂದಲೇ ಈ ಕಥೆ ಶುರುವಾಗುತ್ತದೆ.

"ನೋಡ್ರಿ, ಲಗ್ನಾಗಿ ಮೂವತ್ತೊಂದು ವರ್ಷಾತು. ನಿಮ್ಮ ಜೋಡಿ ಎಲ್ಲಿ ಹೋಗೀನಿ ಹೇಳ್ರಿ? ಲಗ್ನಕ್ಕ, ಕುಪ್ಪಸಕ್ಕ, ತೊಟ್ಟಲಕ್ಕ, ಯಾರರ ಸತ್ರ ಮಣ್ಣಿಗೆ. ಹೋದ ಮನ್ಯಾಗ 'ಕುಂದ್ರ ಬೇ ಸತ್ಯವ್ವಾ, ದಣದ ಬಂದೀದಿ' ಅಂತಾರ, ಅನಕೋತ ಹಿಟ್ಟಿನ ಡಬ್ಬಿ ನನ್ನ ಮುಂದ ಇಡ್ತಾರ. ಏಳು ತಾಲೂಕಿನ ಅಡಗಿಮನಿ ನೋಡೀನಿ. ಒಂದೂರಾಗೂ ಅಡಗಿಮನಿ ಹೊರಗ ಏನೈತಿ ನೋಡಿಲ್ಲ."

"ಈಗ ಪಾರ್ಕಿಗೆ ಹೋಗೂದಲ್ಲ?" ಎಂದ ಲಗಮಣ್ಣ.

"ಪಾರ್ಕಿಗೆ ಹೋಗೂದು ಖರೆ. ಹಾದ್ಯಾಗ? ನಿಮಗ ಯಾವ ಹಾದ್ಯಾಗ ಬೀಗರಿಲ್ಲ? ಹೋಗೂಮುಂದ ಒಬ್ಬರ ಮನಿ, ಬರೂಮುಂದ ಒಬ್ಬರ ಮನಿ. ಕಡೀಕ ನಡುವ ಒಂದಿನ ಪಾರ್ಕು. ಹಾದ್ಯಾಗ ಒಂದ ಒಲಿ ಮುಂದ ನಾ ಕುಂತೆನೋ, ಅಲ್ಲಿಂದನ ಬಸ್ ಹತ್ತಿ ವಾಪಸ್ ಬರ್ತೇನಿ. ಇಮಾನ ನೀವ ಏರ್ರಿ."

ಹೇಳಿ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ದಿನದಕ್ಕಿಂತ ಜೋರಾಗಿ ಕೇಳಿಬಂತು. ಸೊಸೆ ಪ್ರತಿಮಾ ಮಾವನ ಮುಖ ನೋಡದೆ, ನಗು ತಡೆಯಲು ಉಮಾಶ್ರೀಯ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

ಲಗಮಣ್ಣನಿಗೆ ಹೆಂಡತಿಯ ಮಾತು ಸುಳ್ಳೆನಿಸಲಿಲ್ಲ. ಹಬ್ಬ ಹುಣ್ಣಿಮೆ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಜನ ಹೆಚ್ಚು. ಎಲ್ಲರೂ ಹೋಗುವ ದಿನ ಅವನು ಅಲ್ಲಿ ಮೈಕಿನ ಮುಂದೆ ಕೂತು ಅವರನ್ನು ಕಳಿಸುತ್ತಿದ್ದ. ಸತ್ಯವ್ವ ಏರಿದ್ದು ಬೀಗರ ಮನೆಗೆ ಹೋಗುವ ಬಸ್ಸುಗಳನ್ನು ಮಾತ್ರ. ಅವಳು ಹೇಳಿದರೆ ಹೇಳಿದಂತೆಯೇ ಮಾಡುವವಳು. ನಡುದಾರಿಯಲ್ಲಿ ಇಳಿದು ವಾಪಸ್ ಬಂದರೆ ಆ ಪಾರ್ಕಿನಲ್ಲಿ ತಾನು ಯಾರ ಪಕ್ಕದಲ್ಲಿ ತಲೆಕೆಳಗಾಗುವುದು?

ಮರುದಿನ ಮುಂಜಾನೆ ಅವನು ಒಂದು ದೊಡ್ಡ ಹಾಳೆ ತೆಗೆದುಕೊಂಡು ಕಟ್ಟೆಯ ಮೇಲೆ ಕೂತ. ಹುಬ್ಬಳ್ಳಿ, ಬೆಳಗಾವಿ, ಪುಣೆ ಎಂದು ಮೂರು ಗೆರೆ ಎಳೆದ. ಗೆರೆಯ ಮೇಲೆ ಊರುಗಳನ್ನು, ಊರಿನ ಕೆಳಗೆ ಅಲ್ಲಿರುವ ಬೀಗರನ್ನು, ಬೀಗರ ಕೆಳಗೆ ನಿಮಿಷಗಳನ್ನು ಬರೆದ. ಅಕ್ಕ, ತಮ್ಮ, ಚಿಕ್ಕಪ್ಪನ ಮಕ್ಕಳು, ಬಳಗದವರೆಲ್ಲ ಅವನ ಲೆಕ್ಕದಲ್ಲಿ ಬೀಗರೇ. ಚಹಾಕ್ಕೆ ನಲವತ್ತು. ಅವಲಕ್ಕಿ ಕೊಟ್ಟರೆ ಒಂದು ತಾಸು. ಊಟವಾದರೆ ಎರಡೂವರೆ. 'ಇವತ್ತೊಂದಿನ ನಿಂತು ಹೋಗ್ರಿ' ಎನ್ನುವ ಮನೆಗಳಿಗೆ ಕೆಂಪು ಶಾಯಿಯಲ್ಲಿ ಒಂದು ಗುರುತು.

ಅವನ ಬಳಗ ಮೊದಲು ಹೀಗಿರಲಿಲ್ಲ. ಗಲಗಲಿಯಲ್ಲಿ ಹೊಳೆಯ ದಂಡೆಗೆ ಎಲ್ಲರೂ ಒಂದೇ ಓಣಿಯಲ್ಲಿದ್ದರು. ಒಬ್ಬರ ಮನೆಯಲ್ಲಿ ಸೀನಿದರೆ ಏಳು ಮನೆಗೆ ಕೇಳುತ್ತಿತ್ತು. ಅಣೆಕಟ್ಟಿನ ಹಿನ್ನೀರು ಹೊಲಗಳಿಗೆ ಬಂದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ನೆಲ ಹುಡುಕಿಕೊಂಡು ಹೋದರು. ಒಂದು ಓಣಿಯಲ್ಲಿದ್ದ ಬೀಗರು ಈಗ ಎಲ್ಲ ದಾರಿಗಳಲ್ಲೂ ಇದ್ದರು. ಅವರ ಊರನ್ನು ಹಾದು ಮನೆ ಮೆಟ್ಟದೆ ಹೋದರೆ ಅದನ್ನು ಅವರು ಆಗ ಏನೂ ಅನ್ನುವುದಿಲ್ಲ. ಮೂರು ವರ್ಷ ಬಿಟ್ಟು ಯಾವುದೋ ಮದುವೆಯಲ್ಲಿ, ಪಂಕ್ತಿಯಲ್ಲಿ ಕೂತಾಗ, ಎಲ್ಲರಿಗೂ ಕೇಳುವಂತೆ ಅನ್ನುತ್ತಾರೆ.

ಹುಬ್ಬಳ್ಳಿಯ ದಾರಿಯಲ್ಲಿ ರಾಮದುರ್ಗಕ್ಕೆ ತಮ್ಮ ಹಣಮಪ್ಪ. ಕೆಂಪು ಗುರುತು. ಆಮೇಲೆ ನರಗುಂದ, ನವಲಗುಂದ, ಎರಡರಲ್ಲೂ ಚಿಕ್ಕಪ್ಪನ ಮಕ್ಕಳು. ದಾರಿ ನಾಲ್ಕು ತಾಸಿನದು, ಬೀಗರು ಎಂಟು ತಾಸಿನವರು. ಪುಣೆಗೆ ಹೋಗಲು ಚಿಕ್ಕೋಡಿ ಹಾಯಬೇಕು. ಅಲ್ಲಿ ಸತ್ಯವ್ವನ ಖಾಸಾ ತಮ್ಮ ಶಿದ್ರಾಮಪ್ಪ. ಕೆಂಪು ಗುರುತು ಎರಡು. ಗೋಕಾಕದ ಮೇಲೆ ಬೆಳಗಾವಿಗೆ ಹೋದರೆ ಗೋಕಾಕದಲ್ಲಿ ಸೋದರಮಾವನ ಮನೆ.

ಲಗಮಣ್ಣ ಪೆನ್ನು ಕಚ್ಚಿಕೊಂಡು ಹಾಳೆ ನೋಡಿದ. ಅವನ ಅಪ್ಪ ಕುರಿ ಹೊಡೆದುಕೊಂಡು ದೇಶ ತಿರುಗುವಾಗ, ಯಾವ ಊರಿನಲ್ಲಿ ಯಾರು ಹೊಲದಲ್ಲಿ ರಾತ್ರಿ ಹಿಂಡು ತರುಬಿ ನಿಲ್ಲಿಸಲು ಕೊಡುತ್ತಾರೆ ಎಂದು ಎಣಿಸಿ ದಾರಿ ಹಿಡಿಯುತ್ತಿದ್ದ. ಕರೆಯುವವರು ಇದ್ದ ಕಡೆ ಅವನ ದಾರಿ. ಮಗ ಈಗ ಕರೆಯುವವರು ಇಲ್ಲದ ದಾರಿ ಹುಡುಕುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಮುಧೋಳ, ಲೋಕಾಪುರ, ಯರಗಟ್ಟಿ, ನೇಸರಗಿ, ಸಾಂಬ್ರಾ. ಬೆಳಗಾವಿಯ ವಿಮಾನ ನಿಲ್ದಾಣ ಇರುವುದು ಸಾಂಬ್ರಾದಲ್ಲಿ. ಈ ಕಡೆಯಿಂದ ಹೋದರೆ ಬೆಳಗಾವಿ ಊರು ಬರುವ ಮೊದಲೇ ಅದು ಬರುತ್ತದೆ. ಅಕ್ಕ ಕಸ್ತೂರೆವ್ವ ಇರುವುದು ಊರೊಳಗೆ, ಇನ್ನೂ ಆಚೆ. ಅಂದರೆ ಅಕ್ಕನ ಊರನ್ನು ತಾವು ಮುಟ್ಟಿದಂತೆಯೇ ಆಗುವುದಿಲ್ಲ! ದಾರಿಯುದ್ದಕ್ಕೂ ಒಬ್ಬ ಬೀಗನೂ ಇಲ್ಲ. ಆ ಗೆರೆಯ ಕೆಳಗೆ ಅವನು ಸೊನ್ನೆ ಬರೆದು, ಅದರ ಸುತ್ತ ಇನ್ನೊಂದು ಸೊನ್ನೆ ಎಳೆದ.

"ಸತ್ಯವ್ವಾ, ಆತು ನೋಡು," ಎಂದು ಒಳಗೆ ಕೂಗಿದ. "ಬೆಳಗಾವಿ. ಒಂದ ಒಲಿ ಇಲ್ಲ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಯಾವುದೇ ದಾರಿಯನ್ನು ಕಂಡಕ್ಟರುಗಳನ್ನು ಕೇಳದೆ ನಂಬುವ ಅಭ್ಯಾಸ ಅವನಿಗಿರಲಿಲ್ಲ. ಸಂಜೆ ಆ ಹಾಳೆ ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ಹೋಗಿ, ಬೆಳಗಾವಿ ಬಸ್ಸಿನ ಕಂಡಕ್ಟರ್ ಬಾಳಾಸಾಹೇಬನನ್ನು ಪಕ್ಕಕ್ಕೆ ಕರೆದ.

"ನೇಸರಗಿ ಮ್ಯಾಲ ರಸ್ತೆ ಹೆಂಗೈತಿ? ಏರ್‌ಪೋರ್ಟ್ ಗೇಟಿನ ತನಕ ಗಾಡಿ ಹೊಕ್ಕೈತೇನು? ಆ ಮಗ್ಗಲಕ ನಮ್ಮ ಗಲಗಲಿ ಮಂದಿ ಯಾರರ ಹೊಸದಾಗಿ ಮನಿ ಮಾಡ್ಯಾರೇನು?"

"ಯಾಕ್ರೀ ಸಾಹೇಬ್ರ, ಇಮಾನ ಏರಾಕ ಹೊಂಟೀರೇನು?"

"ಸುಮ್ನ ಕೇಳಿದೆ. ಯಾರ ಮುಂದೂ ಅನಬ್ಯಾಡ."

"ಛೇ ಛೇ, ನಾ ಯಾರ ಮುಂದ ಅನ್ನಲಿ!" ಎಂದ ಬಾಳಾಸಾಹೇಬ.

ಗುಟ್ಟು ಗಟ್ಟಿಯಾಗಿರಲೆಂದು ಲಗಮಣ್ಣ ಇನ್ನೊಂದು ಉಪಾಯ ಮಾಡಿದ. ಹುಬ್ಬಳ್ಳಿಯ ಕಂಡಕ್ಟರನಿಗೂ ಚಿಕ್ಕೋಡಿಯ ಕಂಡಕ್ಟರನಿಗೂ ಅವೇ ಪ್ರಶ್ನೆಗಳನ್ನು ಕೇಳಿದ. ಹೀಗಾದರೆ ತಾವು ಖರೆ ಯಾವ ದಾರಿಯಲ್ಲಿ ಹೋಗುತ್ತೇವೆಂದು ಯಾರಿಗೂ ತಿಳಿಯುವುದಿಲ್ಲ ಎಂದು ಅವನ ಲೆಕ್ಕ. ಇಪ್ಪತ್ತೆಂಟು ವರ್ಷ ತಾನೇ ಈ ಕಂಡಕ್ಟರುಗಳ ಕೈಯಲ್ಲಿ ಲಗ್ನಪತ್ರಿಕೆ, ಔಷಧಿ, ಸಾವಿನ ಸುದ್ದಿ ಕಳಿಸಿದ್ದು ಅವನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಮೂರನೆಯ ದಿನ ರಾಮದುರ್ಗದಿಂದ ಹಣಮಪ್ಪನ ಫೋನು ಬಂತು.

"ಅಣ್ಣಾ, ಹುಬ್ಬಳ್ಳಿಗೆ ಹೊಂಟೀಯಂತ. ಹುಂಜ ಹಿಡದ ಬುಟ್ಟಿ ಮುಚ್ಚೀನಿ. ಅದು ಒದರಿ ಒದರಿ ಓಣಿ ಮಂದಿಗೆ ನಿದ್ದಿ ಇಲ್ಲ. ಯಾವತ್ತ ಬರ್ತಿ ಲಗೂನ ಹೇಳು."

ಲಗಮಣ್ಣ ಹಾಳೆಯನ್ನು ಹತ್ತಿರ ಎಳೆದುಕೊಂಡ. "ಇಲ್ಲೋ ಮಾರಾಯ, ನಾವು ಪುಣೆಕ ಹೊಂಟೇವಿ."

"ಹಂಗಾರ ಹುಂಜ ಬಿಡ್ಲೇನು?"

"ಬಿಡು."

ಮಾತು ಮುಗಿಯುವುದರೊಳಗೆ ಚಿಕ್ಕೋಡಿಯಿಂದ ಶಿದ್ರಾಮಪ್ಪ. "ಮಾವಾರ, ನಮ್ಮಕ್ಕನ್ನ ಕರಕೊಂಡು ಪುಣೆಕ ಹೊಂಟೀರಂತಲ್ರಿ. ಹೋಳಿಗಿಗೆ ಬ್ಯಾಳಿ ತಂದ ಇಟ್ಟೇವಿ."

"ಪುಣೆ ಅಲ್ಲಪಾ, ಹುಬ್ಬಳ್ಳಿ," ಎಂದ ಲಗಮಣ್ಣ. ಆಮೇಲೆ, ಯಾರಿಗೆ ಯಾವ ಸುಳ್ಳು ಹೇಳಿದ್ದೇನೆಂದು ಮರೆಯಬಾರದೆಂದು, ಅದೇ ಹಾಳೆಯಲ್ಲಿ ಇಬ್ಬರ ಹೆಸರಿನ ಮುಂದೆ ನೀಟಾಗಿ ಬರೆದಿಟ್ಟ.

ಬೆಳಗಾವಿಯಿಂದ ಕಸ್ತೂರೆವ್ವನ ಫೋನು ಮಾತ್ರ ಬರಲಿಲ್ಲ. ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಲಗಮಣ್ಣನಿಗೆ ಉಳಿದೆರಡು ಫೋನುಗಳಿಗಿಂತ ಬಾರದ ಫೋನಿನ ಹೆದರಿಕೆಯೇ ಹೆಚ್ಚಾಯಿತು. ಅವನನ್ನು ಎತ್ತಿ ಆಡಿಸಿದ ಅಕ್ಕ ಅವಳು. ಸಿಟ್ಟು ಬಂದಾಗ ಬಯ್ಯುತ್ತಿರಲಿಲ್ಲ, ಸುಮ್ಮನಿರುತ್ತಿದ್ದಳು.

ಹೊರಡುವ ದಿನ ಬಂತು. ವಿಮಾನ ಮಧ್ಯಾಹ್ನ ಎರಡೂವರೆಗೆ. ಲಗಮಣ್ಣ ಏಳಕ್ಕೇ ಎಲ್ಲರನ್ನೂ ಬಾಡಿಗೆಯ ಟ್ರ್ಯಾಕ್ಸ್ ಜೀಪಿಗೆ ಹತ್ತಿಸಿದ. ಡ್ರೈವರ್ ಯಲ್ಲಾಲಿಂಗನ ಪಕ್ಕ ತಾನು, ಹಿಂದೆ ಸತ್ಯವ್ವ, ಪ್ರತಿಮಾ, ಧರ್ಮರಾಜ, ಉಮಾಶ್ರೀ. ಸತ್ಯವ್ವ ಬುತ್ತಿ ಕಟ್ಟಿರಲಿಲ್ಲ. ಬುತ್ತಿ ಕಟ್ಟಿದರೆ ಅದೂ ಒಂದು ಒಲೆಯೇ ಎಂದು ಹೇಳಿದ್ದಳು. ಹೊಸ ಇಳಕಲ್ ಸೀರೆಯುಟ್ಟು, ಕಿಟಕಿಗೆ ಮೊಣಕೈಯೂರಿ, ಯಾರೋ ದೊಡ್ಡ ಸಾಹುಕಾರರ ಹೆಂಡತಿಯಂತೆ ಕೂತಿದ್ದಳು.

ಯರಗಟ್ಟಿ ದಾಟಿದ ಮೇಲೆ ಎದುರಿನಿಂದ ಒಂದು ಬಸ್ಸು ದೀಪ ಮಿಣುಕಿಸುತ್ತ ಬಂದು, ರಸ್ತೆಯ ನಡುವೆಯೇ ಟ್ರ್ಯಾಕ್ಸಿನ ಪಕ್ಕ ನಿಂತಿತು. ಬಾಗಿಲಿಗೆ ಜೋತುಬಿದ್ದು ಬಾಳಾಸಾಹೇಬ ಹಲ್ಲು ಕಿರಿದ.

"ಸಾಹೇಬ್ರ, ಕಾಳಜಿ ಮಾಡಬ್ಯಾಡ್ರಿ! ನಿಮ್ಮ ಅಕ್ಕಾರನ್ನ ಬೆಳಗಾವಿಯಿಂದ ನಾನ ಕರಕೊಂಡ ಬಂದು ಏರ್‌ಪೋರ್ಟ್ ಗೇಟಿನ ಮುಂದ ಇಳಿಸೀನ್ರಿ. ನೀವು ಬರೂ ತನಕ ಅಲ್ಲೇ ಕುಂದ್ರತಾರಂತ!"

ಒಳ್ಳೆಯ ಕೆಲಸ ಮಾಡಿದವನ ಮುಖ ಹೊತ್ತು ಅವನು ಸೀಟಿ ಊದಿದ. ಬಸ್ಸು ಹೋಯಿತು.

"ನಾ ಹೇಳಿದ್ದು ನೆನಪೈತಲ್ಲ?" ಎಂದಳು ಸತ್ಯವ್ವ ಹಿಂದಿನಿಂದ.

ನೆನಪಿತ್ತು. ಲಗಮಣ್ಣ ಗಡಿಯಾರ ನೋಡಿದ. ಹೀಗೇ ಹೋದರೆ ಹತ್ತೂವರೆಗೆ ಸಾಂಬ್ರಾ. ವಿಮಾನಕ್ಕೆ ಇನ್ನೂ ನಾಲ್ಕು ತಾಸು. ಅಲ್ಲಿಂದ ಅಕ್ಕನ ಮನೆ ಅರ್ಧ ತಾಸು. 'ಇಷ್ಟ ಹೊತ್ತೈತಿ, ಊಟ ಮಾಡ್ಕೊಂಡ ಹೋಗ್ರಿ' ಎಂದು ಅಕ್ಕ ಕೈ ಹಿಡಿದು ಜಗ್ಗಿದರೆ ಏನು ಹೇಳುವುದು? ಜೀವನದಲ್ಲಿ ಮೊದಲ ಸಲ ಅವನಿಗೆ ಬೇಗ ಹೊರಟದ್ದು ತಪ್ಪೆನಿಸಿತು. ಹೊತ್ತು ಇಲ್ಲದಂತೆ ಮಾಡಿದರೆ?

"ಯಲ್ಲಾಲಿಂಗಾ, ಎಂಜಿನ್ ಕಾದೈತಿ. ಆ ಹುಣಸಿಗಿಡದ ನೆಳ್ಳಿಗೆ ನಿಂದ್ರಸು."

"ಕಾದಿಲ್ರಿ."

"ಕಾದೈತಿ ಅಂದೆ."

ನೇಸರಗಿಗಿಂತ ಸ್ವಲ್ಪ ಈಚೆ, ರಸ್ತೆ ಬದಿಯ ದೊಡ್ಡ ಹುಣಸೆಮರದ ಕೆಳಗೆ ಟ್ರ್ಯಾಕ್ಸು ನಿಂತಿತು. ಲಗಮಣ್ಣ ಇಳಿದು ಎಂಜಿನ್ನಿನ ಮುಂದೆ ಕೈಕಟ್ಟಿ ನಿಂತ. ಒಂದು ತಾಸು ಇಲ್ಲಿ ಕಳೆದರೆ, ಆಮೇಲೆ ಸಾವಕಾಶ ಹೋದರೆ, ಸರಿಯಾಗುತ್ತದೆ ಎಂದು ಅವನ ಎಣಿಕೆ. ಎಣಿಕೆ ಮುಗಿಯುವುದರೊಳಗೆ ಹಿಂದಿನ ತಗ್ಗಿನಿಂದ ಕುರಿಗಳು ಹತ್ತಿಬಂದವು. ಹತ್ತು, ನಲವತ್ತು, ಇನ್ನೂರು. ಬಿಸಿಲಿಗೆ ಬೆಂದಿದ್ದ ಅವು ಮರದ ನೆರಳು ಕಂಡವು, ಟ್ರ್ಯಾಕ್ಸಿನ ನೆರಳನ್ನೂ ಕಂಡವು. ನಾಲ್ಕೈದು ಟಗರುಗಳು ಗಾಡಿಯ ಹೊಟ್ಟೆಯ ಕೆಳಗೆ ಹೊಕ್ಕು, ಗಾಲಿಗೆ ಬೆನ್ನು ಕೊಟ್ಟು ಮಲಗಿಬಿಟ್ಟವು.

ಹಿಂದಿನಿಂದ ಕಂಬಳಿ ಹೊತ್ತ ಕುರುಬ ಬಂದ. ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಸಿನ.

"ಯಾವೂರವರ್ರೀ?"

"ಮಹಾಲಿಂಗಪುರ."

"ಮೂಲ?"

ಇಲ್ಲಿ ಮೂರನೆಯ ಸುಳ್ಳೊಂದನ್ನು ಹೇಳಬಹುದಿತ್ತು. ಆದರೆ ಭಂಡಾರ ಹಚ್ಚಿದವನ ಮುಂದೆ ತನ್ನ ಮೂಲವನ್ನು ತಪ್ಪಾಗಿ ಹೇಳಲು ಲಗಮಣ್ಣನಿಗೆ ಬಾಯಿ ಬರಲಿಲ್ಲ. "ಗಲಗಲಿ," ಎಂದ. ಅವನು ಕುಲದ ಬೆಡಗು ಕೇಳಿದ, ಲಗಮಣ್ಣ ಅದನ್ನೂ ಹೇಳಿದ.

"ಗಲಗಲಿ ತಾಯವ್ವನ ಮೊಮ್ಮಗಾ ಏನು ನೀವು? ಅಯ್ಯ, ಆಕೀ ತಂಗಿ ಮೊಮ್ಮಗಾ ನಾನು, ಶಿವಯೋಗೆಪ್ಪ! ಏ ಭಾಗ್ಯಾ, ನಮ್ಮ ಅಣ್ಣಾರು ಸಿಕ್ಕಾರ ನೋಡ, ಒಲಿ ಹಚ್ಚು!"

ನೆಲದಲ್ಲಿ ಮನೆ ಕಟ್ಟಿದ ಬೀಗರನ್ನೆಲ್ಲ ಲಗಮಣ್ಣ ಹಾಳೆಯಲ್ಲಿ ಬರೆದಿದ್ದ. ನಡೆದಾಡುವ ಬೀಗರನ್ನು ಬರೆಯುವುದು ಮರೆತಿದ್ದ. ಕುರುಬನ ಹೊಟ್ಟೆಯಲ್ಲಿ ಹುಟ್ಟಿದವನು ಮಾಡಬಾರದ ತಪ್ಪು ಅದು.

ಮರದ ಬುಡದಲ್ಲಿ ಮೂರು ಕಲ್ಲು ಆಗಲೇ ಬಿದ್ದಿದ್ದವು. ಶಿವಯೋಗೆಪ್ಪನ ಹೆಂಡತಿ ಭಾಗ್ಯಾ ಎಳೆಯ ಹುಡುಗಿ. ಕಂಕುಳಲ್ಲಿ ಕೂಸು. ಅದು ಹಟ ಹಿಡಿದು ಅಳುತ್ತಿತ್ತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಕಟ್ಟಿಗೆ ಹಿಡಿದು ಅವಳು ಟ್ರ್ಯಾಕ್ಸಿನ ಕಡೆ ನೋಡಿದಳು. ಇಂಥ ಹೊತ್ತಿನಲ್ಲಿ ಬಂದ ಹಿರಿಯ ಹೆಂಗಸು ಇಳಿದು, 'ಕೊಡ ಬೇ, ಕೂಸಿನ್ನ ನೋಡ್ಕೋ' ಎಂದು ಒಲೆ ಮುಂದೆ ಕೂರುವುದು ನಡೆದುಬಂದದ್ದು. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಸತ್ಯವ್ವ ಎದುರಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಅವಳ ಕಣ್ಣು ಒಲೆಯ ಮೇಲಿತ್ತು, ಆಮೇಲೆ ವಾಪಸ್ ಯರಗಟ್ಟಿಯ ಕಡೆ ಹೋಗುವ ರಸ್ತೆಯ ಮೇಲೆ. ಒಂದು ಕಾಲು ಆಗಲೇ ಮೆಟ್ಟಿಲಿಗೆ ಬಂದಿತ್ತು.

"ನೀ ಇಳೀಬ್ಯಾಡ!" ಎಂದು ಕೂಗಿ ಲಗಮಣ್ಣ ಓಡಿದ. ಓಡಿಹೋಗಿ ಒಲೆಯ ಮುಂದೆ ತಾನೇ ಕುಕ್ಕರಗಾಲಿನಲ್ಲಿ ಕೂತ. "ಕೂಸಿನ್ನ ನೋಡ್ಕೋಳವ್ವಾ. ಚಾ ನಾ ಮಾಡ್ತೇನಿ."

ಶಿವಯೋಗೆಪ್ಪನಿಗೆ ಏನೂ ತಿಳಿಯಲಿಲ್ಲ. "ಅಣ್ಣಾರ, ನೀವ್ಯಾಕ್ರೀ..."

"ನನಗ ಹವ್ಯಾಸ ಐತಿ," ಎಂದ ಲಗಮಣ್ಣ. ಅವನು ಹುಟ್ಟಿದಾಗಿನಿಂದ ಒಂದು ಬತ್ತಿ ಸ್ಟೋವನ್ನೂ ಹಚ್ಚಿದವನಲ್ಲ.

ಕಟ್ಟಿಗೆ ಹೊತ್ತಲೊಲ್ಲದು. ಊದಿದ. ಬೂದಿ ಹಾರಿ ಕಣ್ಣಿಗೆ ಬಂತು. ಕಣ್ಣು ಒರೆಸಿದ ಕೈಯಲ್ಲಿ ಮಸಿಯಿತ್ತು, ಅದು ಮುಖಕ್ಕೆ ಬಂತು. ಆಡಿನ ಹಾಲು ಉಕ್ಕಿ ಉರಿ ಆರಿತು. ಮತ್ತೆ ಊದಿದ. ಪ್ರತಿಮಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಮುತ್ಯಾ, ಇನ್ನೂ ಜೋರ ಊದು!" ಎಂದು ಉಮಾಶ್ರೀ ಕಿಟಕಿಯಿಂದ ಕೂಗುತ್ತಿದ್ದಳು. ಕಡೆಗೆ ಆದ ಚಹಾವನ್ನು ಶಿವಯೋಗೆಪ್ಪ ಕಣ್ಣು ಮುಚ್ಚಿ ಕುಡಿದ. ಆಮೇಲೆ, ಬೀಗತನ ಕೆಡಬಾರದೆಂದು, "ಬೆಲ್ಲ ಛಲೋ ಐತ್ರಿ," ಎಂದ.

ಹೊರಡೋಣವೆಂದರೆ ಟಗರುಗಳು ಏಳಲೊಲ್ಲವು. ಒಂದನ್ನು ಎಳೆದರೆ ಇನ್ನೊಂದು ಆ ಜಾಗಕ್ಕೆ ಬರುತ್ತಿತ್ತು. ಎಲ್ಲ ಮುಗಿದು ಗಾಡಿ ರಸ್ತೆಗೆ ಬಂದಾಗ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ಕಳೆಯಬೇಕೆಂದುಕೊಂಡದ್ದು ಒಂದು ತಾಸು, ಕಳೆದದ್ದು ಎರಡೂವರೆ ತಾಸಿನ ಮೇಲೆ.

"ಜೋರ ಹೊಡಿ," ಎಂದ ಲಗಮಣ್ಣ.

"ಎಂಜಿನ್ ಕಾಯ್ತೈತ್ರಿ," ಎಂದ ಯಲ್ಲಾಲಿಂಗ.

ಸಾಂಬ್ರಾದ ಗೇಟಿನ ಮುಂದೆ ಒಂದು ಬೇವಿನ ನೆರಳಲ್ಲಿ ಕಸ್ತೂರೆವ್ವ ಕಾಲು ಚಾಚಿ ಕೂತಿದ್ದಳು. ಟ್ರ್ಯಾಕ್ಸು ನಿಂತದ್ದೇ ಎದ್ದು ಬಂದಳು. ಲಗಮಣ್ಣ ಇಳಿದು, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಒಂದೇ ಉಸಿರಿನಲ್ಲಿ ಹೇಳತೊಡಗಿದ.

"ಯಕ್ಕಾ, ಮನಿಗೆ ಬರಬೇಕಂತನ ಇತ್ತು, ಖರೆ ಅಂದ್ರ ಹೊತ್ತ ಇಲ್ಲ, ಇಮಾನ ಈಗ..."

"ಸುಮ್ಮನಿರ ಲಗಮ್ಯಾ," ಎಂದಳು ಕಸ್ತೂರೆವ್ವ. "ನಾ ಮನಿಗೆ ಬರ್ರಿ ಅನ್ನಾಕ ಬಂದಿಲ್ಲ. ಬರಬ್ಯಾಡ್ರಿ ಅನ್ನಾಕ ಬಂದೀನಿ."

ಲಗಮಣ್ಣ ಸತ್ಯವ್ವನ ಕಡೆ ತಿರುಗಿದ. ಅಕ್ಕ ಮಾತು ಮುಂದುವರಿಸಿದಳು.

"ನಿನಗೇನ ಗೊತ್ತೋ. ಬೆಳಗಾವಿಗೆ ದವಾಖಾನಿಗೆ ಬಂದವರು ನಮ್ಮ ಮನಿ. ಕೋರ್ಟಿಗೆ ಬಂದವರು ನಮ್ಮ ಮನಿ. ಪರೀಕ್ಷಾ ಬರಿಯಾಕ ಬಂದವರು ನಮ್ಮ ಮನಿ. ಮೂವತ್ತು ವರ್ಷ ನನ್ನ ಒಲಿ ಆರಿಲ್ಲ. ಮೊನ್ನಿ ಬಾಳಾಸಾಹೇಬ ಬಂದು, ನಿಮ್ಮ ತಮ್ಮ ಹಾಳಿ ಮ್ಯಾಲ ಬರದ, ಲೆಕ್ಕ ಹಾಕಿ, ನಿಮ್ಮ ಮನಿ ತಪ್ಪಿಸಿ ಇಂಥಾ ದಿನಾ ಹೊಂಟಾನಂತ ಅಂದ. ನಮ್ಮ ಬಳಗದಾಗ ಇಂಥಾ ಶಾಣ್ಯಾ ಹುಟ್ಟ್ಯಾನಲ್ಲ, ಅವನ ಮಾರಿ ಒಮ್ಮೆ ನೋಡೂಣು ಅಂತ ಬಂದೆ." ಅವಳು ತಮ್ಮನ ಮಸಿ ಮೆತ್ತಿದ ಮುಖವನ್ನು ಮೇಲಿಂದ ಕೆಳಗೆ ನೋಡಿದಳು. "ಮಾರಿ ಹಿಂಗಿರ್ತೈತಿ ಅನಕೊಂಡಿರಲಿಲ್ಲ."

ಹಿಂದಿನಿಂದ ಸತ್ಯವ್ವ ಇಳಿದು ಬಂದವಳು ನಗತೊಡಗಿದಳು. ಕಸ್ತೂರೆವ್ವನೂ ನಕ್ಕಳು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಲಗಮಣ್ಣನಿಗೆ ಮಾತ್ರ ಒಳಗೆ ಚುರ್ ಎಂದಿತು. ಅಕ್ಕನ ಮನೆ ತಪ್ಪಿಸಲು ಹದಿನೈದು ದಿನ ತಲೆ ಕೆಡಿಸಿಕೊಂಡದ್ದು ಖರೆ. ಆದರೂ ಅಕ್ಕ ಒಮ್ಮೆಯಾದರೂ 'ಬಾರೋ' ಎನ್ನಬಾರದೇ? "ಹಂಗಂದ್ರ ನಾ ಬಂದ್ರ ನಿನಗ ತ್ರಾಸೇನು?" ಎಂದು ಕೇಳಿದ.

"ತ್ರಾಸು," ಎಂದಳು ಅಕ್ಕ. "ಇವತ್ತ ನೋಡು, ಮನ್ಯಾಗ ತಮ್ಮನ್ನ ಕಳಿಸಿ ಬರ್ತೇನಿ ಅಂತ ಹೇಳಿ ಮುಂಜಾನಿಂದ ಇಲ್ಲೆ ಕುಂತೀನಿ. ಗಿರಮಿಟ್ ತಿಂದೆ, ಎರಡ ಸಲ ಚಾ ಕುಡದೆ. ಒಂದು ಇಮಾನ ಇಳೀತು, ಒಂದು ಹಾರ್ತು, ಎಲ್ಲಾ ನೋಡಿದೆ. ಇಂಥಾ ದಿನ ಹ್ವಾದ ವರ್ಷ ಬಂದಿಲ್ಲ, ಅದರ ಹಿಂದಿನ ವರ್ಷನೂ ಬಂದಿಲ್ಲ."

"ಅಕ್ಕಾರ," ಎಂದಳು ಸತ್ಯವ್ವ ಕಣ್ಣೊರೆಸಿಕೊಂಡು, "ನಾವು ನಾಲ್ಕ ದಿನಕ್ಕ ವಾಪಸ್ ಬರ್ತೇವಿ. ಇದ ಜಾಗಾದಾಗ ಚೀಲ ಹಿಡಕೊಂಡು ನಿಂತಿರ್ರಿ. ನಮ್ಮ ಜೋಡಿ ಮಹಾಲಿಂಗಪುರಕ್ಕ ಬರ್ರಿ. ಎಂಟ ದಿನ ಇರ್ರಿ."

"ಬಂದ್ರ ನಿನಗ ಕೆಲಸ ಹೆಚ್ಚಲ್ಲ ಬೇ?"

"ನನಗ್ಯಾಕ? ಇವರಿಗೆ ಹವ್ಯಾಸ ಐತಂತ," ಎಂದು ಸತ್ಯವ್ವ ಗಂಡನ ಕಡೆ ಗದ್ದ ತೋರಿಸಿದಳು.

ಧರ್ಮರಾಜ ಗಡಿಯಾರ ತೋರಿಸಿ ಎಲ್ಲರನ್ನೂ ಗೇಟಿನತ್ತ ಅಟ್ಟಿದ. ಕಾವಲಿನವನು ಲಗಮಣ್ಣನ ಗುರುತಿನ ಚೀಟಿಯ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಪ್ರತಿಮಾ ತನ್ನ ಕರವಸ್ತ್ರಕ್ಕೆ ಬಾಟಲಿಯ ನೀರು ಹಾಕಿ ಕೊಟ್ಟಳು. ಒಂದು ಕೆನ್ನೆ ತೊಳೆದ ಮೇಲೆ ಒಳಗೆ ಬಿಟ್ಟರು.

ಪಾರ್ಕಿನ ಸಂಗತಿ ಹೆಚ್ಚೇನಿಲ್ಲ. ಮೊದಲ ದಿನ ಸತ್ಯವ್ವ ಯಾವ ಆಟವನ್ನೂ ಆಡಲಿಲ್ಲ. ಊಟದ ಜಾಗದಲ್ಲಿ ಕೂತು, ಯಾರೋ ತಾಟು ತಂದು ತನ್ನ ಮುಂದಿಡುವುದನ್ನು, ಉಂಡ ಮೇಲೆ ಯಾರೋ ಅದನ್ನು ಒಯ್ಯುವುದನ್ನು ನೋಡಿದಳು. ಇದೇ ಸಾಕು, ಉಳಿದದ್ದನ್ನು ನೀವು ಆಡಿ ಎಂದಳು. ಎರಡನೆಯ ದಿನ ಉಮಾಶ್ರೀಯ ಜೊತೆ ನೀರಿನ ಜಾರುಬಂಡಿ ಏರಿದವಳು ಏಳು ಸಲ ಜಾರಿದಳು. ಲಗಮಣ್ಣ ದೊಡ್ಡ ಚಕ್ರದಲ್ಲಿ ತಲೆಕೆಳಗಾದ. ನಗಲಿಲ್ಲ.

ವಾಪಸ್ ಬಂದಾಗ ಕಸ್ತೂರೆವ್ವ ಸಾಂಬ್ರಾದಲ್ಲಿ ಚೀಲ ಹಿಡಿದು ನಿಂತೇ ಇದ್ದಳು.

ಮರುದಿನ ಮುಂಜಾನೆ ಮಹಾಲಿಂಗಪುರದ ಮನೆಯಲ್ಲಿ ಅತ್ತಿಗೆ ನಾದಿನಿಯರು ಕಟ್ಟೆಯ ಮೇಲೆ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಪ್ರತಿಮಾ ಪಲ್ಯ ಮಾಡಿಟ್ಟು ಶಾಲೆಯ ಕೆಲಸಕ್ಕೆಂದು ಉಮಾಶ್ರೀಯನ್ನು ಕರೆದುಕೊಂಡು ಹೋಗಿದ್ದಳು. ಒಳಗೆ ಲಗಮಣ್ಣ ರೊಟ್ಟಿ ಬಡಿಯುತ್ತಿದ್ದ. ಎಷ್ಟು ಹಿಟ್ಟಿಗೆ ಎಷ್ಟು ಬಿಸಿನೀರು ಎಂಬುದನ್ನು ಪ್ರತಿಮಾಳನ್ನು ಕೇಳಿ ಬರೆದುಕೊಂಡಿದ್ದ. ಮೊದಲನೆಯದು ಹರಿಯಿತು. ಎರಡನೆಯದು ಹಂಚಿಗೆ ಅಂಟಿತು. ಮೂರನೆಯದನ್ನು ಅವನು ಎರಡೂ ಕೈಯಲ್ಲಿ ಹಿಡಿದು ತಂದು ಅಕ್ಕನ ತಾಟಿನಲ್ಲಿಟ್ಟ.

ಕಸ್ತೂರೆವ್ವ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಲಗಮ್ಯಾ, ಇದು ಯಾವ ಜಿಲ್ಲಾದ ನಕಾಶೆ?"

"ತಿನ್ನು, ಬಾಯಾಗ ಹ್ವಾದ ಮ್ಯಾಲ ಎಲ್ಲಾ ಒಂದ," ಎಂದು ಅವನು ಒಳಗೆ ಓಡಿದ. ಹಂಚಿನ ಮೇಲೆ ನಾಲ್ಕನೆಯದು ಹೊತ್ತಿದ ವಾಸನೆ ಬರುತ್ತಿತ್ತು.

ಆ ವಾಸನೆಗೆ ಸತ್ಯವ್ವನ ಕೈ ತಾನಾಗಿಯೇ ನೆಲಕ್ಕೂರಿತು, ಮೈ ಅರ್ಧ ಮೇಲೆದ್ದಿತು. ಕಸ್ತೂರೆವ್ವ ಅವಳನ್ನು ನೋಡಿದಳು. ಸತ್ಯವ್ವ ಒಂದು ಗಳಿಗೆ ಹಾಗೇ ಇದ್ದು, ಮತ್ತೆ ಕೂತು, ಕಾಲು ಚಾಚಿದಳು.

"ಇನ್ನೊಂದು ರೊಟ್ಟಿ ತರ್ರಿ," ಎಂದು ಒಳಗೆ ಕೂಗಿದಳು.